ಷಡ್ಡಕನ ಮೂಗು

“ನಾಯಿ ಏನಯ್ಯ ನೀನು? ಮಗಳ ಸಂಬಂಧ ಮುರಿದೋನ ಮನೆಗೆ ಹೋಗಿ, ಅವನ ಪಕ್ಕದಲ್ಲೇ ಕೂತ್ಕೊಂಡು, ಅವನು ಕೊಟ್ಟಿದ್ದನ್ನೆಲ್ಲ ಮೂಸಿ ಬರ್ತೀಯಾ?”

ನಾನು ಶರಟಿನ ಗುಂಡಿ ಹಾಕುತ್ತಿದ್ದೆ. ಗೌರಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಮೆತ್ತಗೆ ಮಾತಾಡು. ಮೇಲಿನ ಬಾಡಿಗೆಯೋರಿಗೆ ಕೇಳ್ಸುತ್ತೆ.”

“ಕೇಳ್ಸಲಿ. ಓನರ್‌ಗೆ ಮಾನ ಮರ್ಯಾದೆ ಇಲ್ಲ ಅಂತ ಅವ್ರಿಗೂ ಗೊತ್ತಾಗ್ಲಿ.”

“ಏಯ್!”

“ಏನ್ ಏಯ್? ನನ್ನ ಮೇಲೆ ಕೂಗೋ ಗಂಟ್ಲು ಅವನ ಮುಂದೆ ಎಲ್ಲಿ ಹೋಗುತ್ತೆ? ‘ಅಣ್ಣ ಬಾ’ ಅಂದ್ರೆ ಸಾಕು, ಇಸ್ತ್ರಿ ಬಟ್ಟೆ ಹಾಕ್ಕೊಂಡು ಓಡ್ತೀಯ. ನನಗೆ ತಂಗಿ ಅವಳು. ನಾನೇ ಹೋಗಲ್ಲ ಅಂತ ಕೂತಿದೀನಿ. ನಿನಗೇನಯ್ಯ ಅಂಥ ಸೆಳೆತ? ಅವನ ವಿಸ್ಕಿನಾ?”

ಅವಳ ಕೋಪ ತಪ್ಪಲ್ಲ. ನರೇಂದ್ರ ನನ್ನ ಷಡ್ಡಕ, ಗೌರಮ್ಮನ ತಂಗಿ ಸೌಮ್ಯಳ ಗಂಡ. ಅವನು ಮಾಡಿದ ಕೆಲಸ ನಮಗೆ ಗೊತ್ತಾಗಿ ಇನ್ನೂ ವಾರವಾಗಿರಲಿಲ್ಲ.

ಅದರ ಹಿಂದಿನ ವರ್ಷ ಹುಳಿಮಾವಿನ ತಿಮ್ಮರಾಯಪ್ಪನವರ ಮನೆಯಿಂದ ನಮ್ಮ ತೇಜಸ್ವಿನಿಯನ್ನು ನೋಡಲು ಬಂದಿದ್ದರು. ಅವರ ತಾತ ರಾಗಿ ಬೆಳೆದ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟುಗಳು ನಿಂತಿವೆ. ಒಬ್ಬನೇ ಮಗ, ಮನು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು. ಇಬ್ಬರೂ ಫೋನಿನಲ್ಲಿ ಮಾತಾಡುವುದಕ್ಕೂ ಶುರು ಮಾಡಿದ್ದರು. ತೇಜಸ್ವಿನಿ ಮಾಳಿಗೆಯ ಮೇಲೆ ನಡೆಯುತ್ತಾ ನಗುವುದು ನಮಗೆ ಕೆಳಗೆ ಕೇಳಿಸುತ್ತಿತ್ತು. ಆಮೇಲೆ ಒಂದು ದಿನ ಜಾತಕ ಕೂಡಿಬರಲಿಲ್ಲ ಎಂದು ಹೇಳಿ ಕಳಿಸಿದರು. ನಾವು ನಂಬಿದೆವು. ಪುರೋಹಿತರು ಏನೋ ದೋಷವಿರಬೇಕು ಎಂದರು. ಅವತ್ತಿನಿಂದ ಪ್ರತಿ ಶನಿವಾರ ಹುಡುಗಿಯ ತಲೆಗೆ ನೀರು ಹಾಕಿಸಿ ನವಗ್ರಹ ಸುತ್ತಿಸಿದೆವು. ಜಯನಗರದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುವವಳು ಅವಳು. ಎಳ್ಳೆಣ್ಣೆ ಅಂಟಿದ ಕೈಯಲ್ಲೇ ಕೆಲಸಕ್ಕೆ ಓಡುತ್ತಿದ್ದಳು. “ನನ್ನಲ್ಲಿ ಏನಪ್ಪ ದೋಷ?” ಎಂದು ಒಂದು ಸಲ ಕೇಳಿದಳು. ಮತ್ತೆ ಅವಳು ಕೇಳಲಿಲ್ಲ. ಮಾಳಿಗೆಗೆ ಹೋಗುವುದನ್ನೂ ಬಿಟ್ಟಳು.

ಕೆಲವು ತಿಂಗಳು ಕಳೆದ ಮೇಲೆ ಅದೇ ಮನುವಿಗೆ ನರೇಂದ್ರನ ಮಗಳು ಪೂರ್ವಿಕಳನ್ನು ಗೊತ್ತು ಮಾಡಿದರು. ಋಣಾನುಬಂಧ ಎಂದುಕೊಂಡು ಅದನ್ನೂ ನುಂಗಿದೆ. ನುಂಗಿದ್ದಲ್ಲದೆ, ನರೇಂದ್ರ ಕರೆದಾಗಲೆಲ್ಲ ಹೋಗಿ ಅವನ ಕೆಲಸವನ್ನೂ ಮಾಡಿಕೊಟ್ಟು ಬಂದೆ.

ಆ ಮಂಗಳವಾರ ಗೌರಮ್ಮ ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದಾಗ ತಿಮ್ಮರಾಯಪ್ಪನವರ ಅಕ್ಕ ಸಪ್ಪಲಮ್ಮ ಸಿಕ್ಕಿದಳಂತೆ. ಯಾರ ದೋಷಕ್ಕೆ ದೀಪ ಎಂದು ಕೇಳಿದಳಂತೆ. ಇವಳು ಹೇಳಿದಳು. ಆ ಮುದುಕಿಗೆ ಬಾಯಿ ತಡೆಯಲಿಲ್ಲ.

“ಅಯ್ಯೋ, ಜಾತಕ ಯಾರವ್ವ ನೋಡಿದ್ರು? ನಿನ್ನ ತಂಗಿ ಗಂಡನೇ ಅಲ್ವಾ ಬಂದು ಹೇಳಿದ್ದು? ‘ಅದು ಬಾರ್ ನಡ್ಸೋ ಮನೆ. ಬೆಳಗಾದ್ರೆ ಕುಡುಕರ ಸಹವಾಸ. ನಿಮ್ಮಂಥೋರಿಗೆ ಯಾಕೆ ಆ ಸಂಬಂಧ’ ಅಂದ. ನಮ್ಮ ತಿಮ್ಮರಾಯಿ ಹಿಂದೆ ಸರಿದ.”

ನನಗೆ ಬಿಟಿಎಂ ಲೇಔಟಿನಲ್ಲಿ ಬಾರ್ ಇರುವುದು ನಿಜ. ಅದರಲ್ಲೇ ಈ ಮನೆ ಕಟ್ಟಿದ್ದೇನೆ, ಮಗಳನ್ನು ಓದಿಸಿದ್ದೇನೆ. ಅದನ್ನು ಎತ್ತಿ ಆಡಿದವನು ಯಾರು? ಜೆ.ಪಿ. ನಗರದಲ್ಲಿ ಭಾನುವಾರ ಬಂತೆಂದರೆ ಸ್ನೇಹಿತರನ್ನು ಮಾಳಿಗೆಯ ಮೇಲೆ ಕೂರಿಸಿಕೊಂಡು ವಿಸ್ಕಿಯ ಮೇಲೆ ಪಾಠ ಮಾಡುವವನು. ಅದೇ ವಿಸ್ಕಿಯ ಹುಚ್ಚಿನ ಮೂಲಕ ತಿಮ್ಮರಾಯಪ್ಪನವರ ಸ್ನೇಹ ಬೆಳೆಸಿದವನು.

“ಕೂತ್ಕೋ,” ಎಂದೆ ಗೌರಮ್ಮನಿಗೆ. “ನಿನಗೆ ಗೊತ್ತಿಲ್ಲದ್ದು ಒಂದಿದೆ.”

ಅವಳು ಕೂರಲಿಲ್ಲ.

“ನರೇಂದ್ರನಿಗೆ ವಾಸನೆ ಬರಲ್ಲ.”

“ಏನು?”

“ಕೊರೋನಾ ಬಂದಾಗ ಹೋಗಿದ್ದು, ವಾಪಸ್ ಬರಲೇ ಇಲ್ಲ. ಸೌಮ್ಯಂಗೆ ಗೊತ್ತು, ನನಗೆ ಗೊತ್ತು. ಇನ್ಯಾರಿಗೂ ಗೊತ್ತಿಲ್ಲ. ಇಷ್ಟು ದಿನ ಅವನ ಬದಲು ಮೂಸಿದ್ದು ನಾನು.”

ನಡೆದದ್ದೆಲ್ಲ ಅವಳಿಗೆ ಹೇಳಿದೆ. ಎರಡನೇ ಅಲೆ ಇಳಿದ ಮೇಲೆ ಒಂದು ದಿನ ನರೇಂದ್ರ ನನ್ನ ಬಾರಿಗೆ ಬಂದ. ಕಾರಿನಿಂದ ಇಳಿಯಲಿಲ್ಲ, ನನ್ನನ್ನೇ ಒಳಗೆ ಕೂರಿಸಿಕೊಂಡ. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತ. “ಸೌಮ್ಯ ಮುಡಿದ ಮಲ್ಲಿಗೆ ಕೂಡ ಇಲ್ಲ ಅಣ್ಣ. ಅನ್ನ ಸೀದ್ರೂ ಗೊತ್ತಾಗಲ್ಲ. ವಿಸ್ಕಿ ಬಾಯಿಗೆ ಹಾಕಿದ್ರೆ ಉರಿ ಒಂದೇ,” ಎಂದ. ಆಗ ಅವನ ಮೇಲೆ ನನಗೆ ಪ್ರೀತಿ ಇತ್ತು. ಸಿಂಗಲ್ ಮಾಲ್ಟ್ ಎನ್ನುವ ಬಾರ್ಲಿ ವಿಸ್ಕಿ ಎಂದರೇನು ಎಂದು ನನಗೆ ಕಲಿಸಿದವನೇ ಅವನು. ಅಲ್ಲಿಯವರೆಗೆ ನನಗೆ ಬಾಟಲಿ ಗೊತ್ತಿತ್ತು, ಒಳಗಿನ ಮಾಲು ಗೊತ್ತಿರಲಿಲ್ಲ. ಭಟ್ಟಿಯಿಂದ ಇಳಿದಾಗ ಎಲ್ಲ ಮಾಲ್ಟೂ ನೀರಿನಂತೆ ಬೆಳ್ಳಗೇ ಇರುತ್ತದೆ. ಬಣ್ಣವೂ ಪರಿಮಳವೂ ಬರುವುದು ಮಲಗಿಸಿದ ಪೀಪಾಯಿಯಿಂದ, ಆ ಪೀಪಾಯಿಯಲ್ಲಿ ಮೊದಲು ಏನಿತ್ತು ಎನ್ನುವುದರಿಂದ. ಇದನ್ನು ಅವನೇ ಒಂದೊಂದು ಗ್ಲಾಸು ಹಿಡಿಸಿ ಹೇಳಿಕೊಟ್ಟಿದ್ದ. ಅಮೆರಿಕದ ಬರ್ಬನ್ ವಿಸ್ಕಿ ಇಟ್ಟಿದ್ದ ಪೀಪಾಯಿಯಾದರೆ ಕೊಬ್ಬರಿ ಮಿಠಾಯಿ, ಜೇನು. ಶೆರ್ರಿ ಎನ್ನುವ ಸಿಹಿ ವೈನ್ ಇಟ್ಟಿದ್ದ ಪೀಪಾಯಿಯಾದರೆ ಒಣದ್ರಾಕ್ಷಿ, ಖರ್ಜೂರ. ಹೊಗೆ ವಿಸ್ಕಿ ಇಟ್ಟಿದ್ದ ಪೀಪಾಯಿಯಾದರೆ ಸುಟ್ಟ ಸೌದೆ, ಟಿಂಚರ್.

ಅವನ ಮರ್ಯಾದೆ ಉಳಿಸಲು ನಾವಿಬ್ಬರೂ ಒಂದು ಸಂಜ್ಞೆ ಮಾಡಿಕೊಂಡೆವು. ನಾನು ದೊಡ್ಡವನು, ಮೊದಲ ಗ್ಲಾಸು ನನಗೆ. ಮೂಸಿ ಎಡಗಡೆ ಇಟ್ಟರೆ ಬರ್ಬನ್. ಬಲಗಡೆ ಇಟ್ಟರೆ ಶೆರ್ರಿ. ಕೈಯಲ್ಲೇ ಹಿಡಿದುಕೊಂಡರೆ ಹೊಗೆ. ಮಿಕ್ಕಿದ್ದೆಲ್ಲ ಅವನ ನಾಲಿಗೆ ನೋಡಿಕೊಳ್ಳುತ್ತಿತ್ತು. ಹಳೆಯ ನೆನಪಿನಿಂದ ಮಾತು ತೆಗೆದು ಹೇಳುತ್ತಿದ್ದ, ಎಲ್ಲರೂ ತಲೆದೂಗುತ್ತಿದ್ದರು.

ಗೌರಮ್ಮ ಈಗ ಮಂಚದ ಮೇಲೆ ಕೂತಳು.

“ಇವತ್ತು ತಿಮ್ಮರಾಯಪ್ಪ ನೆಂಟರನ್ನ ಕರ್ಕೊಂಡು ಬರ್ತಿದಾರೆ,” ಎಂದೆ. “ಊಟ ಆದ್ಮೇಲೆ ತಾಂಬೂಲ ಬದಲಾಯಿಸ್ಕೋತಾರೆ. ಊಟಕ್ಕೆ ಮುಂಚೆ ಅವರು ತಂದ ಬಾಟ್ಲುಗಳಿಗೆ ಬಟ್ಟೆ ಸುತ್ತಿ ಇಡ್ತಾರಂತೆ. ಯಾವುದು ಯಾವ ಪೀಪಾಯಿದು ಅಂತ ನರೇಂದ್ರ ಹೇಳ್ಬೇಕಂತೆ. ನಮ್ಮ ಬೀಗರ ಮೂಗು ನೋಡ್ರೋ ಅಂತ ಊರಿಗೆಲ್ಲ ಸಾರಿದಾರೆ. ಅವನಿಗೆ ಇವತ್ತು ನನ್ನ ಮೂಗು ಬೇಕು. ಕೊಡ್ತೀನಿ.”

ಅವಳಿಗೆ ಅರ್ಥವಾಯಿತು. ಮುಖದ ಕೋಪ ಇಳಿದು ಬೇರೆ ಏನೋ ಬಂತು.

“ಬೇಡ ಕಣಯ್ಯ. ಹೋಗದೆ ಇದ್ಬಿಡು, ಅಷ್ಟೇ ಸಾಕು.”

“ಹೋಗದೆ ಇದ್ರೆ ನೆಗಡಿ ಬಂದಿದೆ, ಇವತ್ತು ಮೂಸಲ್ಲ ಅಂತ ಹೇಳಿ ತಪ್ಪಿಸ್ಕೋತಾನೆ.”

“ಪೂರ್ವಿಕ ಏನು ಮಾಡಿದ್ಲು? ನಮ್ಮ ಕೈಯಲ್ಲೇ ಆಡಿ ಬೆಳೆದ ಮಗು.”

“ತೇಜಸ್ವಿನಿ ಏನು ಮಾಡಿದ್ಲು?”

ನಾನು ಚಪ್ಪಲಿ ಮೆಟ್ಟಿ ಹೊರಟೆ.

ನರೇಂದ್ರನ ಮನೆಯಲ್ಲಿ ಅಡುಗೆಮನೆಯ ಬಾಗಿಲು ಭದ್ರವಾಗಿ ಮುಚ್ಚಿತ್ತು. ಮಟನ್ ಸಾರಿನ ವಾಸನೆ ಮಾಳಿಗೆಗೆ ಏರಬಾರದಂತೆ. ದೇವರ ಕೋಣೆಯಲ್ಲಿ ಊದುಬತ್ತಿ ಕೂಡ ಹಚ್ಚಿರಲಿಲ್ಲ. ಹಾಲಿನಲ್ಲಿ ಬೆಳ್ಳಿ ತಟ್ಟೆಗಳಲ್ಲಿ ಎಲೆ, ಅಡಿಕೆ, ಹಣ್ಣು, ಸೀರೆ ಜೋಡಿಸಿಟ್ಟಿದ್ದರು. ಸೌಮ್ಯ ನನ್ನ ಹಿಂದೆ ಇಣುಕಿ ನೋಡಿದಳು.

“ಅಕ್ಕ ಬರಲಿಲ್ವಾ ಭಾವ?”

“ಮೈ ಹುಷಾರಿಲ್ಲ.”

“ತೇಜು?”

“ಡ್ಯೂಟಿ.”

ಅವಳು ತಲೆ ತಗ್ಗಿಸಿದಳು. ಗಂಡ ಮಾಡಿದ್ದು ಅವಳಿಗೆ ಗೊತ್ತಿತ್ತು ಎಂದು ನನಗೆ ಅನಿಸಿದ್ದು ಆಗಲೇ. ಗೊತ್ತಿದ್ದೂ ಹಿಂದಿನ ಯುಗಾದಿಗೆ ನಮ್ಮ ಮನೆಗೆ ಬಂದು ತೇಜಸ್ವಿನಿಗೆ ಹೂ ಮುಡಿಸಿ ಹೋಗಿದ್ದಳು. ಇದ್ದ ಸ್ವಲ್ಪ ಅಳುಕೂ ಹೋಯಿತು.

ಮಾಳಿಗೆಯ ಮೇಲೆ ಶಾಮಿಯಾನ ಕಟ್ಟಿಸಿದ್ದ. ಉದ್ದದ ಮೇಜು, ಅದಕ್ಕೆ ಬಿಳಿ ಬಟ್ಟೆ, ಮೊಗ್ಗಿನ ಆಕಾರದ ಸಣ್ಣ ಗ್ಲಾಸುಗಳು. ಹನಿ ನೀರು ಬಿಡಲು ಫಿಲ್ಲರ್. ಮಾಲ್ಟಿಗೆ ಎರಡು ಹನಿ ನೀರು ಬಿಟ್ಟರೆ ಒಳಗೆ ಅಡಗಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ ಎಂದು ಹೇಳಿಕೊಟ್ಟಿದ್ದೂ ಅವನೇ. ತಿಮ್ಮರಾಯಪ್ಪ ಮೇಜಿನ ಆ ಕಡೆ ಕೂತಿದ್ದರು. ದಪ್ಪ ಆಳು, ಬೆರಳಿಗೆಲ್ಲ ಉಂಗುರ, ದೊಡ್ಡ ದನಿ. ಪಕ್ಕದಲ್ಲಿ ಮನು. ಅವರ ಕಡೆಯ ಹೆಂಗಸರು ಸಪ್ಪಲಮ್ಮನ ಜೊತೆ ಕೆಳಗೆ ಒಳಕೋಣೆಯಲ್ಲಿ ಕೂತಿದ್ದರು. ಹಿಂದೆ ನೆಂಟರು ನಾಲ್ಕಾರು ಜನ, ಊಟದ ವಾಸನೆಗೆ ಕಾಯುತ್ತಿರುವವರಂತೆ. ಮೇಜಿನ ನಡುವೆ ಕೆಂಪು ಬಟ್ಟೆ ಸುತ್ತಿದ ಮೂರು ಬಾಟಲಿ.

“ಬನ್ನಿ ಪಿಳ್ಳಣ್ಣೋರೆ!” ತಿಮ್ಮರಾಯಪ್ಪ ಕೂಗಿದರು. “ಬಾರ್ ಹೆಂಗೆ ನಡೀತಿದೆ?”

“ನಿಮ್ಮಂಥೋರ ದಯ,” ಎಂದೆ.

ನರೇಂದ್ರ ನಕ್ಕ. “ಅಣ್ಣನದು ಕ್ವಾರ್ಟರ್ ವ್ಯವಹಾರ ಬೀಗ್ರೆ. ಎಷ್ಟು ಹೋಯ್ತು ಅನ್ನೋದೇ ಮುಖ್ಯ, ಏನು ಹೋಯ್ತು ಅನ್ನೋದಲ್ಲ.”

ಎಲ್ಲರೂ ನಕ್ಕರು. ಅವನು ನನ್ನನ್ನು ಹೀಗೆ ಆಡಿಕೊಳ್ಳುವುದು ಹೊಸದಲ್ಲ. ನಾನು ಅವನ ಮೂಗು ಎಂದು ಯಾರಿಗೂ ಸಂಶಯ ಬರಬಾರದೆಂದು ನಾಲ್ಕು ಜನರ ಮುಂದೆ ನನ್ನನ್ನು ದಡ್ಡನನ್ನಾಗಿ ಮಾಡುತ್ತಿದ್ದ. ಮೊದಲೆಲ್ಲ ನಾನೂ ನಗುತ್ತಿದ್ದೆ. ಅವತ್ತೂ ನಕ್ಕೆ. ಅವನ ಎಡಪಕ್ಕದ ಕುರ್ಚಿ ಎಳೆದುಕೊಂಡು ಕೂತೆ.

ತಿಮ್ಮರಾಯಪ್ಪ ಮೊದಲ ಬಾಟಲಿ ಎತ್ತಿದರು. “ನೋಡ್ರಪ್ಪ, ಮೂರೂ ಒಂದೇ ಕಂಪನಿದು. ವಯಸ್ಸೂ ಒಂದೇ. ಪೀಪಾಯಿ ಮಾತ್ರ ಬೇರೆ ಬೇರೆ ಇರ್ಬಹುದು, ಎರಡು ಒಂದೇ ಇದ್ರೂ ಇರ್ಬಹುದು. ಜೋಡಿಸಿದೋನು ನನ್ನ ಮಗ. ಬೀಗರು ಹೇಳ್ತಾರೆ. ತಪ್ಪಿದ್ರೆ?”

“ತಪ್ಪಿದ್ರೆ ವರದಕ್ಷಿಣೆ ಡಬಲ್!” ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೆ ನಗು.

ಗ್ಲಾಸು ಬಂತು. ಮೂಗಿನ ಹತ್ತಿರ ತಂದೆ. ಕೊಬ್ಬರಿ ಮಿಠಾಯಿ, ಜೇನು, ಹೊಸ ಮರ. ಯಾವ ಅನುಮಾನವೂ ಇರಲಿಲ್ಲ. ನಿಧಾನವಾಗಿ ಎಡಗಡೆ ಇಟ್ಟೆ. ಮೊದಲನೆಯದನ್ನು ಸರಿಯಾಗಿಯೇ ಹೇಳಬೇಕೆಂದು ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿದ್ದೆ. ಮೇಲೆ ಹತ್ತಿಸದೆ ಬೀಳಿಸಿದರೆ ಏನು ಪ್ರಯೋಜನ?

ನರೇಂದ್ರ ತನ್ನ ಗ್ಲಾಸನ್ನು ಬೆಳಕಿಗೆ ಹಿಡಿದ. ತಿರುಗಿಸಿದ. ಕಣ್ಣು ಮುಚ್ಚಿ ಮೂಗಿಗೆ ಹಿಡಿದು ಉಸಿರೆಳೆದ. ಒಂದು ಗುಟುಕು ಬಾಯಿಗೆ ಹಾಕಿ ಆ ಕೆನ್ನೆಗೊಮ್ಮೆ ಈ ಕೆನ್ನೆಗೊಮ್ಮೆ ಹೊರಳಿಸಿದ.

“ಮದುವೆ ಮನೆ ಉಗ್ರಾಣಕ್ಕೆ ಹೋಗಿದೀರಾ ಬೀಗ್ರೆ? ಬೆಳಗ್ಗೆ ಬೆಳಗ್ಗೆ, ಕೊಬ್ಬರಿ ತುರಿದಿಟ್ಟಿರ್ತಾರೆ, ಸಕ್ಕರೆ ಪಾಕ ಇನ್ನೂ ಬಿಸಿ ಇರುತ್ತೆ. ಅಲ್ಲಿ ಬಾಗಿಲು ತೆಗೆದಂಗಿದೆ. ಆಮೇಲೆ ಸ್ವಲ್ಪ ಬಾಳೆಹಣ್ಣು. ಇದು ಬರ್ಬನ್ ಪೀಪಾಯಿ.”

ತಿಮ್ಮರಾಯಪ್ಪ ಬಟ್ಟೆ ಬಿಚ್ಚಿದರು. ಚೀಟಿ ನೋಡಿ ಮೇಜು ಕುಟ್ಟಿದರು. “ಸಖತ್ ಬೀಗ್ರೆ! ನೋಡ್ರೋ, ನಾನು ಹೇಳಲಿಲ್ವಾ?” ಮನು ಶಿಳ್ಳೆ ಹಾಕಿದ. ಅದೇ ಹುಡುಗನ ಜೊತೆ ಮಾತಾಡಿ ನನ್ನ ಮಗಳು ನಗುತ್ತಿದ್ದದ್ದು. ಅವನು ಒಂದು ಸಲವೂ ನನ್ನ ಕಡೆ ತಿರುಗಿ ನೋಡಲಿಲ್ಲ.

ಮೇಜಿನ ಕೆಳಗೆ ನರೇಂದ್ರ ನನ್ನ ಮಂಡಿಯನ್ನು ಮೆಲ್ಲಗೆ ಅದುಮಿದ. ಪ್ರತಿ ಸಲ ಹಾಗೆ ಮಾಡುತ್ತಿದ್ದ. ಥ್ಯಾಂಕ್ಸ್ ಅಣ್ಣ ಎಂದು ಅದರ ಅರ್ಥ. ಈ ಕೈಯನ್ನೇ ತಿಮ್ಮರಾಯಪ್ಪನವರ ಮುಂದೆ ಅಲ್ಲಾಡಿಸುತ್ತಾ ‘ಅದು ಬಾರ್ ನಡ್ಸೋ ಮನೆ’ ಎಂದಿದ್ದ. ನನ್ನ ಮಂಡಿ ಸುಟ್ಟಂತಾಯಿತು.

ಎರಡನೇ ಬಾಟಲಿ. ಮುಚ್ಚಳ ತೆಗೆಯುತ್ತಲೇ ನನಗೆ ಗೊತ್ತಾಯಿತು. ಹೊಗೆ. ಹಸಿ ಸೌದೆ ಒಲೆಗೆ ತುರುಕಿದ ಹಾಗೆ, ಅದರ ಮೇಲೆ ಆಸ್ಪತ್ರೆಯ ಟಿಂಚರ್ ಚೆಲ್ಲಿದ ಹಾಗೆ. ಮೇಜಿನ ಆ ತುದಿಯ ನೆಂಟರೊಬ್ಬರು ಮೂಗು ಉಜ್ಜಿಕೊಂಡರು. ಇದನ್ನು ಗುರುತಿಸಲು ಯಾವ ಪಾಂಡಿತ್ಯವೂ ಬೇಡ. ಮೂಗೊಂದು ಇದ್ದರೆ ಸಾಕು.

ಗ್ಲಾಸು ಎತ್ತಿದೆ. ಮೂಸಿದೆ. ನನ್ನ ಬಲಗಡೆ, ನರೇಂದ್ರನ ಕೈಯ ಹತ್ತಿರವೇ ಇಟ್ಟೆ.

ನರೇಂದ್ರ ಕಣ್ಣು ಮುಚ್ಚಿದ. ದೀರ್ಘವಾಗಿ ಉಸಿರೆಳೆದ. ಮುಖದ ಮೇಲೆ ಒಂದು ತೃಪ್ತಿ ತಂದುಕೊಂಡ. ಆ ವಿದ್ಯೆಯಲ್ಲಿ ಅವನು ಪಳಗಿದವನು.

“ಆಹಾ,” ಎಂದ. “ಒಣದ್ರಾಕ್ಷಿ. ತುಪ್ಪದಲ್ಲಿ ಹುರಿದು, ಉಬ್ಬಿರೋ ಒಣದ್ರಾಕ್ಷಿ. ಖರ್ಜೂರ ಇದೆ, ಅಂಜೂರ ಇದೆ. ಆಮೇಲೆ ಬೆಲ್ಲದ ಆಲೆಮನೆ ನೆನಪಾಗುತ್ತೆ. ಎಂಥ ಮೃದು ವಾಸನೆ ನೋಡಿ ಬೀಗ್ರೆ, ಎಲ್ಲೂ ಚುಚ್ಚಲ್ಲ.”

ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮನು ಕಿಸಕ್ಕನೆ ನಕ್ಕ. “ಅಂಕಲ್, ಕಾಲೆಳೀತಿದೀರಾ? ಇದು ಟೈರ್ ಸುಟ್ಟಂಗಿದೆ.”

“ನಿಮ್ಮ ವಯಸ್ಸಿಗೆ ಹಂಗೆ ಅನ್ಸುತ್ತೆ,” ನರೇಂದ್ರ ನಕ್ಕ. ಆದರೆ ಅವನ ಕಣ್ಣು ನನ್ನ ಗ್ಲಾಸಿನ ಕಡೆ ಹೋಯಿತು. ಅದು ಬಲಗಡೆಯೇ ಇತ್ತು.

“ಇಲ್ಲ ಬೀಗ್ರೆ,” ಎಂದರು ತಿಮ್ಮರಾಯಪ್ಪ. ದನಿ ತಗ್ಗಿತ್ತು. “ಇನ್ನೊಂದ್ಸಲ ನೋಡಿ. ನಂಗೇ ಹೊಗೆ ಹೊಡೀತಿದೆ. ಪಿಳ್ಳಣ್ಣೋರೆ, ನೀವೂ ನೋಡಿ.”

ನಾನು ಗ್ಲಾಸು ಎತ್ತಿದೆ. ಸಾವಕಾಶವಾಗಿ ಮೂಸಿದೆ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು, ನರೇಂದ್ರ ನನ್ನ ಕೈಯನ್ನು ಮಾತ್ರ ನೋಡುತ್ತಿದ್ದ. ಮತ್ತೆ ಬಲಗಡೆಯೇ ಇಟ್ಟೆ.

“ನಂದೇನಿದೆ?” ಎಂದೆ. “ನಂದು ಕ್ವಾರ್ಟರ್ ವ್ಯವಹಾರ.”

ಅಷ್ಟೂ ಜನ ಹೊಗೆ ಎನ್ನುತ್ತಿದ್ದರು. ಅವನು ನಂಬಿದ್ದು ನನ್ನ ಗ್ಲಾಸನ್ನು.

“ಶೆರ್ರಿ ಪೀಪಾಯಿನೇ,” ಎಂದ, ಮೇಜಿಗೆ ಬೆರಳು ಒತ್ತಿ. “ಹೊಗೆ ಅಂತ ಯಾರಾದ್ರೂ ಅಂದ್ರೆ ಅವರ ಮೂಗಲ್ಲಿ ಏನೋ ಐಬಿದೆ ಅಂತ ಅರ್ಥ. ಇಷ್ಟು ವರ್ಷ ಇದನ್ನೇ ಮಾಡಿದೀನಿ ಬೀಗ್ರೆ. ಬಟ್ಟೆ ತೆಗೀರಿ.”

ತಿಮ್ಮರಾಯಪ್ಪ ಬಟ್ಟೆ ತೆಗೆದರು. ಚೀಟಿಯ ಮೇಲೆ ಹೊಗೆಯಾಡುವ ಒಲೆಯ ಚಿತ್ರವೇ ಇತ್ತು. ಬಾಟಲಿಯನ್ನು ನರೇಂದ್ರನ ಕಡೆ ತಿರುಗಿಸಿ ಇಟ್ಟರು. ಹಿಂದೆ ಒಬ್ಬರು ನಗಲು ಶುರು ಮಾಡಿ ಕೆಮ್ಮಿದರು.

ನರೇಂದ್ರ ಚೀಟಿ ಓದಿದ. ಮತ್ತೆ ಓದಿದ. ಆಮೇಲೆ ನನ್ನ ಕಡೆ ತಿರುಗಿದ. ನಾನು ಅವನ ಕಣ್ಣು ತಪ್ಪಿಸಲಿಲ್ಲ. ಅವನಿಗೆ ಗೊತ್ತಾಯಿತು. ಯಾಕೆ ಎನ್ನುವುದೂ ಗೊತ್ತಾಯಿತು. ಅವನ ತುಟಿ ಒಣಗಿದ್ದು ನನಗೆ ಕಾಣಿಸಿತು. ಆ ಕ್ಷಣಕ್ಕಾಗಿ ನಾನು ಮಂಗಳವಾರದಿಂದ ಕಾದಿದ್ದೆ. ಅದು ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು.

“ಹೋಗ್ಲಿ ಬಿಡಿ, ಒಂದು ತಪ್ಪುತ್ತೆ,” ಎಂದು ತಿಮ್ಮರಾಯಪ್ಪ ಮೂರನೇ ಬಾಟಲಿಯಿಂದ ಸುರಿದರು. ದನಿಯಲ್ಲಿ ಮೊದಲಿನ ಹುರುಪಿರಲಿಲ್ಲ. “ಇದನ್ನ ಹೇಳಿ.”

ನರೇಂದ್ರ ಗ್ಲಾಸು ಹಿಡಿದ. ನಾನು ಕೈ ಕಟ್ಟಿ ಕೂತಿದ್ದೆ. ನನ್ನ ಗ್ಲಾಸನ್ನು ಮುಟ್ಟಿರಲಿಲ್ಲ. ಅವನು ಮೂಸಿದ, ಕುಡಿದ, ಮತ್ತೆ ಮೂಸಿದ. ನನ್ನ ಗ್ಲಾಸಿನ ಕಡೆ ನೋಡಿದ.

“ಏನ್ ಬೀಗ್ರೆ?”

“ಇವತ್ತು ಸ್ವಲ್ಪ ನೆಗಡಿ...”

“ಈಗ ತಾನೇ ತುಪ್ಪ, ದ್ರಾಕ್ಷಿ ಅಂದ್ರಿ?”

“ಅವನಿಗೆ ವಾಸನೆ ಬರಲ್ಲ ತಿಮ್ಮರಾಯಪ್ಪೋರೆ,” ಎಂದೆ ನಾನು. ಗಟ್ಟಿಯಾಗಿಯೇ ಹೇಳಿದೆ. ಮೆಟ್ಟಿಲಿನ ಹತ್ತಿರ ಹಪ್ಪಳದ ತಟ್ಟೆ ಹಿಡಿದು ಬಂದಿದ್ದ ಸೌಮ್ಯ ಅಲ್ಲೇ ನಿಂತಳು. “ಕೊರೋನಾ ಆದಾಗಿಂದ ಇಲ್ಲ. ಕೆಳಗೆ ಮಟನ್ ಬೇಯ್ತಿರೋದೂ ಗೊತ್ತಾಗಲ್ಲ, ಮನೆಗೆ ಬೆಂಕಿ ಬಿದ್ರೂ ಗೊತ್ತಾಗಲ್ಲ. ನೀವು ಏರ್‌ಪೋರ್ಟಿಂದ ತರಿಸಿದ ಬಾಟ್ಲೆಲ್ಲ ಮೂಸಿ ಹೇಳಿದ್ದು ನಾನು. ಗ್ಲಾಸು ಈ ಕಡೆ ಇಟ್ರೆ ಇದು, ಆ ಕಡೆ ಇಟ್ರೆ ಅದು. ಕಥೆ ಮಾತ್ರ ಅವನದು.”

ತಿಮ್ಮರಾಯಪ್ಪನವರ ಮುಖ ಕೆಂಪಾಯಿತು. “ನಿಜಾನಾ ನರೇಂದ್ರ?”

ಬೀಗರು ಹೋಗಿ ನರೇಂದ್ರ ಆಗಿತ್ತು. ಅವನು ಮೇಜಿನ ಬಟ್ಟೆಯ ಮೇಲೆ ಕೈ ಆಡಿಸುತ್ತಾ ಕೂತ.

“ನನ್ನ ಎದುರಿಗೇ ಕೂತು, ನನ್ನ ಮಾಲು ಕುಡಿದು, ನನ್ನ ಜನರ ಮುಂದೆ ನನ್ನೇ ಮಂಗ ಮಾಡಿದ್ಯಲ್ಲಯ್ಯ! ಇದನ್ನೇ ಇಷ್ಟು ದಿನ ಮುಚ್ಚಿಟ್ಟೋನು ಇನ್ನೇನೇನು ಮುಚ್ಚಿಟ್ಟಿದೀಯೋ. ಹುಡುಗೀದು ಏನಾದ್ರೂ ಇದ್ಯೋ, ಯಾರಿಗೆ ಗೊತ್ತು?”

“ಬೀಗ್ರೆ, ಹುಡುಗಿ ವಿಷಯ...” ಸೌಮ್ಯ ಹೆಜ್ಜೆ ಮುಂದಿಟ್ಟಳು.

“ನೀವು ಸುಮ್ನಿರಿ ತಾಯಿ.” ತಿಮ್ಮರಾಯಪ್ಪ ಎದ್ದರು. ಎದ್ದವರು ನನ್ನ ಕಡೆ ತಿರುಗಿದರು. ಆಮೇಲೆ ಅವರು ಆಡಿದ ಮಾತನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

“ಪಿಳ್ಳಣ್ಣೋರೆ, ನಿಮ್ಮ ಹುಡುಗಿ... ತೇಜಸ್ವಿನಿ ಅಲ್ವಾ? ಎಲ್ಲಾದ್ರೂ ಗೊತ್ತಾಯ್ತಾ? ಇಲ್ಲ ಅಂದ್ರೆ ಒಂದಿನ ಕೂತು ಮಾತಾಡೋಣ. ನೇರ ಮನುಷ್ಯ ನೀವು. ಅವತ್ತೇ ನಾನು ತಪ್ಪು ಮಾಡ್ದೆ.”

ಕೆಳಗೆ ಪೂರ್ವಿಕಳಿಗೆಂದು ಜೋಡಿಸಿದ ತಟ್ಟೆಗಳು ಹಾಗೇ ಇದ್ದವು. ಮನು ಅಪ್ಪನ ಪಕ್ಕ ನಿಂತು ಮೊಬೈಲ್ ನೋಡುತ್ತಿದ್ದ. ಬೇಡ ಎನ್ನಲಿಲ್ಲ, ಸರಿ ಎನ್ನಲಿಲ್ಲ. ಅಂಗಡಿಯಲ್ಲಿ ಅಪ್ಪ ಬೇರೆ ಶರಟು ತೋರಿಸುವಾಗ ನಿಂತಿರುವ ಹುಡುಗರ ಹಾಗೆ ನಿಂತಿದ್ದ.

“ಅವತ್ತು ಯಾಕೆ ಬೇಡ ಅಂದ್ರಿ?” ಎಂದೆ.

“ಜಾತಕ...”

“ನಿಮ್ಮಕ್ಕ ಎಲ್ಲ ಹೇಳಿದಾರೆ.”

ಅವರು ಮೂಗಿನ ತುದಿ ಒರೆಸಿಕೊಂಡರು. “ಅದು, ಇವನು ಬಂದು ಬಾರು ಗೀರು ಅಂತ ಹೇಳ್ದ. ನಾನೂ ದುಡುಕ್ದೆ.”

“ಹೇಳಿದ್ದು ಅವನು. ಕೇಳಿಸ್ಕೊಂಡಿದ್ದು ನೀವು. ಹೆಂಡ ಮಾರೋನ ಮಗಳು ಬೇಡ, ಕುಡಿಯೋನ ಮಗಳು ಬೇಕು. ಅದೇ ತಾನೇ ಲೆಕ್ಕ? ನನ್ನ ಮಗಳು ಮಾಡದ ತಪ್ಪಿಗೆ ಎಳ್ಳೆಣ್ಣೆ ಹೊತ್ಕೊಂಡು ನವಗ್ರಹ ಸುತ್ತಿದ್ಲು ಸ್ವಾಮಿ. ಇವನ ಮಗಳು ಇವತ್ತು ಬೇಡ ಆದ್ಲು ಅಂತ ಇಲ್ಲಿ ಬಿಟ್ಟು ಅಲ್ಲಿಗೆ ಬರ್ತೀರಲ್ಲ, ನಿಮ್ಮ ಮಗನಿಗೆ ನನ್ನ ಮನೆ ಬಾಗಿಲು ತೋರಿಸ್ಬೇಡಿ. ಕುಡಿಯೋಕೆ ಬೇಕಾದ್ರೆ ಬಾರಿಗೆ ಬರ್ಲಿ. ಅಲ್ಲಿ ಯಾರು ಬಂದ್ರೂ ಕೊಡ್ತೀವಿ.”

ತಿಮ್ಮರಾಯಪ್ಪ ಬಟ್ಟೆ ಬಿಚ್ಚದ ಮೂರನೇ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದರು. ಮನು, ನೆಂಟರು ಹಿಂದೆಯೇ ಇಳಿದರು. ಕೆಳಗೆ ಹೆಂಗಸರ ದನಿ ಎದ್ದಿತು, ಸಪ್ಪಲಮ್ಮ ಏನೋ ಕೇಳಿದಳು, ಯಾರೋ ಗದರಿದರು. ಕಾರುಗಳ ಬಾಗಿಲು ಒಂದೊಂದಾಗಿ ಬಡಿದವು. ಒಳಗೆಲ್ಲೋ ಪೂರ್ವಿಕ ‘ಅಮ್ಮ’ ಎಂದು ಕೂಗಿದಳು. ಸೌಮ್ಯ ಹಪ್ಪಳದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಕೆಳಗೆ ಓಡಿದಳು.

ಮಾಳಿಗೆಯ ಮೇಲೆ ನಾವಿಬ್ಬರೇ ಉಳಿದೆವು.

“ಪೂರ್ವಿಕನಿಗೆ ಎಲ್ಲೂ ಆಗ್ತಿರ್ಲಿಲ್ಲ ಅಣ್ಣ,” ಎಂದ ನರೇಂದ್ರ. ಬೈಯುತ್ತಾನೆ, ಹೊಡೆಯಲು ಬರುತ್ತಾನೆ ಎಂದು ನಾನು ಸಿದ್ಧವಾಗಿದ್ದೆ. ಅವನು ಎರಡನ್ನೂ ಮಾಡಲಿಲ್ಲ. “ಒಳ್ಳೆ ಮನೆ ಅನ್ನಿಸ್ತು. ತೇಜುಗೆ ಹೆಂಗೂ ಸಿಗುತ್ತೆ ಅಂದ್ಕೊಂಡೆ.”

“ಸರಿ.”

“ನೇರ ಬಂದು ನನ್ನ ಕಪಾಳಕ್ಕೆ ಹೊಡೀಬಹುದಿತ್ತಲ್ಲ ನೀನು.”

“ಅದು ಒಂದು ಗಳಿಗೆಗೆ ಆರುತ್ತೆ.”

ಅವನು ತಲೆಯಾಡಿಸಿದ. ಆಮೇಲೆ ಅವನು ಮುಂದೆ ಬಗ್ಗಿ, ನಾನು ಮುಟ್ಟದೆ ಬಿಟ್ಟಿದ್ದ ಮೂರನೇ ಗ್ಲಾಸನ್ನು ಎರಡು ಬೆರಳಿನಲ್ಲಿ ನನ್ನ ಕಡೆ ತಳ್ಳಿದ.

“ಇದು ಯಾವುದು ಅಣ್ಣ?”

ನಾನು ಕುರ್ಚಿ ಹಿಂದಕ್ಕೆ ತಳ್ಳಿದೆ.

“ಎಲ್ಲ ಮುಗೀತಲ್ಲ. ಇನ್ಯಾರಿಗೂ ಹೇಳ್ಬೇಕಿಲ್ಲ. ನನಗೆ ಮಾತ್ರ ಹೇಳು. ಪೀಪಾಯಿ ಹೆಸರು ಬೇಡ, ವಾಸನೆ ಹೆಂಗಿದೆ ಅಷ್ಟು ಹೇಳು. ನೀನು ಹೇಳಿದ್ರೆ ನನಗೆ ನೆನಪಾಗುತ್ತೆ. ಆ ಸಂಜ್ಞೆ ಗಿಂಜ್ಞೆ ಎಲ್ಲ ಜನಕ್ಕೆ ಅಣ್ಣ. ನೀನು ಗ್ಲಾಸು ಇಟ್ಟಾಗ ನನಗೆ ಒಳಗೆ ನಿಜವಾಗ್ಲೂ ಬಂದಂಗಾಗೋದು.”

ಅವನ ಕಣ್ಣು ತುಂಬಿತ್ತು. ಸುಳ್ಳು ಹೇಳುತ್ತಿರಲಿಲ್ಲ. ಅವನು ಸುಳ್ಳು ಹೇಳುವುದು ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ನಾನು ಗ್ಲಾಸು ಎತ್ತಿದೆ. ಶೆರ್ರಿ ಪೀಪಾಯಿ. ಆದರೆ ನಾನು ಅದುವರೆಗೆ ಮೂಸಿದ ಯಾವ ಶೆರ್ರಿಯ ಹಾಗೂ ಇರಲಿಲ್ಲ. ಮೊದಲು ಕಪ್ಪು ದ್ರಾಕ್ಷಿ ಬಂತು, ಆಮೇಲೆ ಸಿಪ್ಪೆ ಸುಲಿದ ಕಿತ್ತಳೆ, ಆಮೇಲೆ ಹಳೆಯ ಸಂದೂಕದ ಮುಚ್ಚಳ ತೆಗೆದಾಗ ರೇಷ್ಮೆ ಸೀರೆಗಳ ನಡುವಿನಿಂದ ಬರುವ ಒಂದು ಗಾಳಿ. ಇದೆಲ್ಲ ಆದ ಮೇಲೂ ಹಿಂದೆ ಇನ್ನೇನೋ ಉಳಿದಿತ್ತು. ಹೆಸರು ಹೇಳಲು ನನ್ನಿಂದ ಆಗದ್ದು. ನರೇಂದ್ರನಾದರೆ ಹೇಳುತ್ತಿದ್ದ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಬಾಯಿ ಅರ್ಧ ತೆರೆದು, ಊಟಕ್ಕೆ ಕೂತವನ ಹಾಗೆ.

ಆ ಗ್ಲಾಸನ್ನು ಬಾರಿನ ಗಿರಾಕಿಗಳು ಮಾಡುವ ಹಾಗೆ ಒಂದೇ ಏಟಿಗೆ ಗಂಟಲಿಗೆ ಸುರಿದುಕೊಂಡೆ. ಬಾಯಿ ಒರೆಸಿದೆ. ಖಾಲಿ ಗ್ಲಾಸನ್ನು ಅವನ ಮುಂದೆ ಬೋರಲು ಹಾಕಿದೆ.

“ಅಣ್ಣ,” ಎಂದ.

ನಾನು ಮೆಟ್ಟಿಲಿಳಿದೆ. ಹಾಲಿನಲ್ಲಿ ಸೌಮ್ಯ ಪೂರ್ವಿಕಳ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಹುಡುಗಿ ತಲೆಯೆತ್ತಿ “ದೊಡ್ಡಪ್ಪ, ಏನಾಯ್ತು?” ಎಂದು ಕೇಳಿದಳು. ಅಡುಗೆಮನೆಯ ಬಾಗಿಲು ಯಾರೋ ತೆಗೆದಿದ್ದರು, ಮನೆಯೆಲ್ಲ ಮಟನ್ ಸಾರಿನ ಘಮ ತುಂಬಿತ್ತು. ನಾನು ನಿಲ್ಲಲಿಲ್ಲ. ಗೇಟು ದಾಟಿ ಬಂದೆ. ಗೌರಮ್ಮ ಈಗಲೂ ತಂಗಿಯ ಜೊತೆ ಫೋನಿನಲ್ಲಿ ಅಳುತ್ತಾಳೆ. ಹೋಗಿ ಬರೋಣ ಎಂದು ಕರೆಯುತ್ತಾಳೆ. ನಾನು ಆ ಮನೆಗೆ ಮತ್ತೆ ಹೋಗಿಲ್ಲ.